ಕಣ್ಣು ಮುಚ್ಚಿ ಕೂತ ಎಂಟು ದಿನ

ನನ್ನ ಅಣ್ಣನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದದ್ದು ಕೃಷ್ಣಗಿರಿಯ ಆಸ್ಪತ್ರೆಯಲ್ಲಿ. ಅದಕ್ಕೆ ಕಾರಣ ನಾನು. ಆ ದಿನಗಳಲ್ಲಿ ನಾನು ನನ್ನೊಳಗೆ ದೇವರನ್ನು ಹುಡುಕುತ್ತಿದ್ದೆ. ಈ ಮೂರು ಮಾತನ್ನು ಒಂದರ ಪಕ್ಕ ಒಂದಿಟ್ಟು ಹೇಳಲು ನನಗೆ ಬಹಳ ವರ್ಷ ಬೇಕಾದವು. ಕಾಲಿನ ಸುದ್ದಿ ಹೇಳುವಾಗ ದೇವರ ಸುದ್ದಿ ಬಿಡುತ್ತಿದ್ದೆ. ದೇವರ ಮಾತು ಬಂದಾಗ ಕಾಲಿನ ಸುದ್ದಿ ಎತ್ತುತ್ತಿರಲಿಲ್ಲ.

ನಮ್ಮ ಮನೆ ಹೊಸೂರಿನ ಹತ್ತಿರ, ಅವಲಪಲ್ಲಿ ದಾಟಿ ಇನ್ನೂ ಒಳಗೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ, ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ. ರಾಗಿ ಬೆಳೆಯುವಷ್ಟು ಹೊಲವಿತ್ತು. ಮನೆಯಿಂದ ಒಂದು ಮೈಲಿ ಆಚೆ ಗುಡ್ಡದ ಮಗ್ಗುಲಲ್ಲಿ ಸಣ್ಣದೊಂದು ಮಾವಿನ ತೋಪಿತ್ತು. ಎಪ್ಪತ್ತರ ದಶಕದ ಕೊನೆಗೆ ಮೂಕಂಡಪಲ್ಲಿಯ ಕಡೆ ಒಂದರ ಹಿಂದೊಂದು ಫ್ಯಾಕ್ಟರಿಗಳು ಎದ್ದವು. ನನಗೂ ಒಂದರಲ್ಲಿ ಲೇತ್ ಮೆಷೀನಿನ ಮುಂದೆ ನಿಲ್ಲುವ ಕೆಲಸ ಸಿಕ್ಕಿತು. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಶಿಫ್ಟ್ ಮುಗಿಸಿ ಬಂದು ಹೊಲಕ್ಕೆ ಇಳಿಯುತ್ತಿದ್ದೆ.

ಅಣ್ಣನಿಗೆ ಮಾತು ಬರುತ್ತಿರಲಿಲ್ಲ. ಏಳೆಂಟು ವರ್ಷದವನಿದ್ದಾಗ ಬಂದ ಜ್ವರವೊಂದು ಅವನ ಮಾತನ್ನೂ ಬುದ್ಧಿಯನ್ನೂ ತೆಗೆದುಕೊಂಡು ಹೋಯಿತಂತೆ. ಅವನಿಗೆ ಉಳಿದದ್ದು ಒಂದೇ ಒಂದು ಸದ್ದು. ಬಾಯಿ ಮುಚ್ಚಿಕೊಂಡೇ ಗಂಟಲಿನಿಂದ ಊಂ ಎಂದು ಎಳೆಯುತ್ತಿದ್ದ. ಎದ್ದಾಗಿನಿಂದ ಮಲಗುವವರೆಗೆ, ತುತ್ತು ನುಂಗುವ ಹೊತ್ತು ಬಿಟ್ಟರೆ, ಅದು ನಿಲ್ಲುತ್ತಿರಲಿಲ್ಲ. ಊರಲ್ಲಿ ಕೆಲವರು ಅದು ಓಂಕಾರ ಅಂದುಕೊಂಡು ದೂರದಿಂದಲೇ ಕೈಮುಗಿಯುತ್ತಿದ್ದರು. ಕೈಮುಗಿದವರು ಯಾರೂ ಅವನ ಪಂಚೆ ಒಗೆಯಲಿಲ್ಲ. ಅವನು ಕೂತಲ್ಲೇ ಹೇಲುತ್ತಿದ್ದ, ಹಸಿವಾದರೆ ಹಣೆಯನ್ನು ಕಂಬಕ್ಕೆ ಹೊಡೆದುಕೊಳ್ಳುತ್ತಿದ್ದ, ಕೋಳಿಮರಿಗಳನ್ನು ಪ್ರೀತಿಯಿಂದ ಹಿಡಿದು ಅವು ಸಾಯುವವರೆಗೂ ಬಿಡುತ್ತಿರಲಿಲ್ಲ. ಅವನನ್ನು ತೊಳೆದದ್ದು, ತಿನ್ನಿಸಿದ್ದು, ಸತ್ತ ಮರಿಗಳನ್ನು ಅವನ ಮುಷ್ಟಿಯಿಂದ ಬಿಡಿಸಿದ್ದು ಎಲ್ಲಾ ಅವ್ವ.

ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಒಬ್ಬರಿದ್ದರು. ಐವತ್ತು ದಾಟಿದ ತಮಿಳರು, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಮೂಕಂಡಪಲ್ಲಿಯ ಸಾಲುಮನೆಯೊಂದರಲ್ಲಿ ಒಬ್ಬರೇ ಇದ್ದವರು. ನಾವು ಅವರನ್ನು ಸ್ಟೋರ್ಸ್ ಸಾರ್ ಎನ್ನುತ್ತಿದ್ದೆವು. ಕಬ್ಬಿಣದ ಬಾರು, ಡ್ರಿಲ್ಲು, ಕೈಗವಸು ಏನು ಕೇಳಿದರೂ ಒಂದು ಮಾತಾಡದೆ ತೆಗೆದು ಕೊಡುತ್ತಿದ್ದರು. ಸೂಪರ್‌ವೈಸರ್ ಎಷ್ಟೇ ಕೂಗಾಡಿದರೂ ಅವರ ಮುಖ ಬದಲಾಗುತ್ತಿರಲಿಲ್ಲ. ಆ ಮುಖ ನನಗೆ ಬೇಕೆನಿಸಿತು. ನಿಜವಾಗಿ ನನ್ನ ಹುಡುಕಾಟ ಶುರುವಾದದ್ದು ಅಲ್ಲಿಂದ. ದೇವರ ಮೇಲಿನ ಪ್ರೀತಿ ಆಮೇಲೆ ಬಂತು, ಮೊದಲು ಬಂದದ್ದು ಆ ಮುಖದ ಮೇಲಿನ ಹೊಟ್ಟೆಕಿಚ್ಚು.

ಒಂದು ಭಾನುವಾರ ಅವರ ರೂಮಿಗೆ ಹೋದೆ. ಗೋಡೆಯ ಮೇಲೆ ಒಂದು ದೇವರ ಪಟವೂ ಇರಲಿಲ್ಲ. ಚಾಪೆ, ಸ್ಟೌವ್, ಮಡಕೆ ಇಷ್ಟೇ. ನಾನು ಕೇಳಿದೆ, "ಸಾರ್, ನೀವು ಯಾವ ದೇವರಿಗೆ ಕೈಮುಗೀತೀರ?"

"ಉಳ್ಳೆ ಪಾರು ತಂಬಿ," ಎಂದರು. ಒಳಗೆ ನೋಡು ತಮ್ಮಾ ಅಂತ. ಆಮೇಲೆ ಅವರಿಗೆ ಬರುವಷ್ಟು ಕನ್ನಡದಲ್ಲಿ ಹೇಳಿದರು: ಕಣ್ಣು ಮುಚ್ಚು, ಯೋಚನೆ ಬಂದರೆ ಬರಲಿ, ಯೋಚಿಸುತ್ತಿರುವವನು ಯಾರು ಅಂತ ತಿರುಗಿ ನೋಡು, ನೋಡುತ್ತಾ ನೋಡುತ್ತಾ ನೋಡುವವನೇ ಕರಗುತ್ತಾನೆ, ಉಳಿದದ್ದು ಅವನೇ. ಅವನು ಎಂದಾಗ ಬೆರಳನ್ನು ಮೇಲೆ ತೋರಿಸಲಿಲ್ಲ. ನನ್ನ ಎದೆಗೆ ತಾಗಿಸಿದರು.

ಅಂದಿನಿಂದ ನಾನು ಬೆಳಿಗ್ಗೆ ಶಿಫ್ಟಿಗೆ ಮುಂಚೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಶುರುಮಾಡಿದೆ. ನಡುಮನೆಯ ಮೂಲೆಯಲ್ಲಿ ಚಾಪೆ ಹಾಕಿ, ಕಣ್ಣು ಮುಚ್ಚಿ. ಕಣ್ಣು ಮುಚ್ಚಿದ ಕೂಡಲೇ ಕೇಳುತ್ತಿದ್ದದ್ದು ಒಂದೇ, ಊಂ. ಅಣ್ಣ ಹಿತ್ತಲಲ್ಲಿದ್ದರೂ ಜಗಲಿಯಲ್ಲಿದ್ದರೂ ಆ ಸದ್ದು ಮನೆಯ ಗೋಡೆಯೊಳಗಿಂದಲೇ ಬರುವಂತಿರುತ್ತಿತ್ತು. ಬುದ್ಧಿ ಬಂದಾಗಿನಿಂದ ಕೇಳಿದ ಸದ್ದು, ಅದುವರೆಗೆ ಅದು ನನಗೆ ಕೇಳಿಸಿದ್ದೇ ಇಲ್ಲ ಎನ್ನಬೇಕು. ಒಳಗೆ ನೋಡಲು ಕೂತ ಮೇಲೆ ಅದನ್ನು ಬಿಟ್ಟು ಬೇರೇನೂ ಕೇಳಿಸದಾಯಿತು.

ಸ್ಟೋರ್ಸ್ ಸಾರ್‌ಗೆ ದೂರು ಹೇಳಿದೆ. "ಸದ್ದು ಆಚೆ ಇಲ್ಲ, ತಂಬಿ. ಬೇಡ ಅನ್ನೋದು ಇದೆಯಲ್ಲ, ಅದೇ ಸದ್ದು," ಎಂದರು. ಒಂಟಿಯಾಗಿ ಬದುಕುವವರಿಗೆ ಹೀಗೆ ಹೇಳುವುದು ಸುಲಭ ಎಂದುಕೊಂಡೆ. ಅವರ ಮಾತನ್ನು ನಾನು ಕೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ತಪ್ಪನ್ನು ಅವರ ಮೇಲೆ ಹಾಕಲು ಮುಂದೆ ನಾನು ಬಹಳ ಪ್ರಯತ್ನಪಟ್ಟೆ.

ಮೊದಮೊದಲು ನಾನು ಕೂರುವ ಹೊತ್ತಿಗೆ ಅಣ್ಣನನ್ನು ಹೊಲದ ಕಡೆ ಕರೆದುಕೊಂಡು ಹೋಗುವಂತೆ ಅವ್ವನಿಗೆ ಹೇಳುತ್ತಿದ್ದೆ. ಅವ್ವ ಕರೆದುಕೊಂಡು ಹೋಗುತ್ತಿದ್ದಳು. ಅವನು ಕೈ ಬಿಡಿಸಿಕೊಂಡು ಓಡಿ ಬರುತ್ತಿದ್ದ. ನನ್ನ ಹತ್ತಿರವೇ ಬರುತ್ತಿದ್ದ. ಎಲ್ಲರೂ ಓಡಾಡುವ ಮನೆಯಲ್ಲಿ ಒಬ್ಬ ಅಲುಗಾಡದೆ ಕೂತಿರುವುದು ಅವನಿಗೆ ಹಿಡಿಸಿರಬೇಕು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಮುಖಕ್ಕೆ ಮುಖ ಕೊಟ್ಟು ಊಂ ಎನ್ನುತ್ತಿದ್ದ. ಅವನ ಉಸಿರು ನನ್ನ ರೆಪ್ಪೆಗೆ ತಾಗುತ್ತಿತ್ತು. ಒಂದು ದಿನ ಕಣ್ಣು ಬಿಡದೆಯೇ ಕೈ ಬೀಸಿ ಹೊಡೆದೆ. ಎಲ್ಲಿಗೆ ಬಿತ್ತೋ ನೋಡಲಿಲ್ಲ. ಮತ್ತೆ ಉಸಿರು ಎಣಿಸತೊಡಗಿದೆ.

ಹಣ್ಣಿನ ಕಾಲ ಬಂದಾಗ ತೋಪಿನಲ್ಲಿ ಕಾವಲು ಗುಡಿಸಲು ಹಾಕುವುದು ವಾಡಿಕೆ. ಆ ವರ್ಷ ನಾನು ಹೇಳಿದೆ, ಕಾವಲಿಗೆ ಅಣ್ಣನನ್ನೇ ಬಿಡೋಣ, ಅವನ ಸದ್ದಿಗೆ ಕೋತಿ ಬರಲ್ಲ. ಅವ್ವ ನನ್ನ ಮುಖ ನೋಡಿದಳು.

"ಕೋತಿಗ್ ಹೆದ್ರಿ ಕಳುಸ್ತಿದ್ದೀಯೋ, ನಿನ್ ಕಣ್ ಮುಚ್ಚಾಟುಕ್ಕೆ ಕಳುಸ್ತಿದ್ದೀಯೋ? ನಿಜ ಹೇಳ್ಲಾ."

"ಹಗಲೊತ್ತು ಅಲ್ಲಿರ್ಲಿ, ಸಂಜೆಗೆ ಕರ್ಕೊಂಡ್ ಬಾ," ಎಂದೆ.

"ಅವ್ನು ಒಬ್ನೇ ಇರಾಕಿಲ್ಲ ಕಣ್ಲಾ. ಓಡಿ ಬತ್ತಾನೆ."

"ಕಟ್ಟು."

ಸಂಬಳ ತರುವವನು ನಾನು. ಅವ್ವನ ಹತ್ತಿರ ನನ್ನನ್ನು ಎದುರಿಸುವ ದಾರಿ ಇರಲಿಲ್ಲ. ದನದ ಹಗ್ಗವೊಂದನ್ನು ತೆಗೆದುಕೊಂಡಳು. ತನ್ನ ಹಳೆಯ ಸೀರೆಯನ್ನು ಹರಿದು ಹಗ್ಗದ ತುದಿಗೆ ಸುತ್ತಿ ಸುತ್ತಿ ಮೆತ್ತಗೆ ಮಾಡಿದಳು. ಮಾರನೆಯ ದಿನದಿಂದ ಅಣ್ಣ ಗುಡಿಸಲಿನ ಕಂಬಕ್ಕೆ ಕಟ್ಟಿಸಿಕೊಂಡು ಇರತೊಡಗಿದ. ಬೆಳಿಗ್ಗೆ ಮಧ್ಯಾಹ್ನ ಅವ್ವ ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದಳು, ಹಗ್ಗ ಬಿಚ್ಚಿ ಮರಗಳ ನಡುವೆ ಓಡಾಡಿಸುತ್ತಿದ್ದಳು, ಗುಂಡಿಯ ನೀರಲ್ಲಿ ತೊಳೆಯುತ್ತಿದ್ದಳು, ಪಾದಕ್ಕೆ ಹರಳೆಣ್ಣೆ ಹಚ್ಚುತ್ತಿದ್ದಳು, ಸಂಜೆ ಮನೆಗೆ ಕರೆತರುತ್ತಿದ್ದಳು. ಸಂಜೆ ಮನೆಗೆ ತರುವುದನ್ನೂ ನಾನು ಕ್ರಮೇಣ ನಿಲ್ಲಿಸಿದೆ. ಆಮೇಲೆ ಅವ್ವನೇ ಅಲ್ಲಿ ಮಲಗತೊಡಗಿದಳು.

ಮನೆ ಸದ್ದಿಲ್ಲದಾಯಿತು. ನನ್ನ ಹೆಂಡತಿ ಬಸುರಿ. ಅವಳು ಪಾತ್ರೆಗಳನ್ನು ಹಿತ್ತಲಿಗೆ ಒಯ್ದು ತೊಳೆಯಲು ಕಲಿತಳು. ಏಳು ತಿಂಗಳಿಗೆ ಅವಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಹೋದರು. ಹೋಗುವಾಗ, "ಭಾವನ್ನ ವಸಿ ನೋಡ್ಕಳ್ರಿ," ಎಂದಳು. ನಾನು ತಲೆ ಆಡಿಸಿದೆ.

ಹಣ್ಣಿನ ಕಾಲ ಮುಗಿಯಿತು. ಕಾಯಿ ಕೀಳುವವರು ಬಂದು ಹೋದರು, ಗುಡಿಸಲು ಹಾಗೇ ಉಳಿಯಿತು, ಅಣ್ಣನೂ ಹಾಗೇ ಉಳಿದ. ಆಷಾಢದಲ್ಲಿ ರಾಯಕೋಟೆ ಕಡೆಯ ಹಳ್ಳಿಯಿಂದ ಅವ್ವನ ಅಕ್ಕ ಉಳಿಯುವುದು ಕಷ್ಟ ಎಂದು ಆಳು ಬಂದ. ಇರುವುದೊಂದೇ ಒಡಹುಟ್ಟು. ಅವ್ವ ಹೋಗಲೇಬೇಕಾಯಿತು. ಹೊರಡುವ ಮುನ್ನ ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಮಗುವಿಗೆ ಹೇಳುವಂತೆ ಹೇಳಿದಳು.

"ದಿನಕ್ ಎಲ್ಡು ದಪ ಹೋಗು. ಹಗ್ಗ ಬಿಚ್ಚು, ಓಡಾಡ್ಸು. ಕಾಲು ನೋಡು. ಅವ್ನು ನೋವು ಅಂತ ಹೇಳಾಕಿಲ್ಲ, ನೀನೇ ನೋಡ್ಬೇಕು. ನೋಡ್ತೀಯೇನ್ಲಾ?"

"ನೋಡ್ತೀನಿ ಹೋಗವ್ವಾ."

ಫ್ಯಾಕ್ಟರಿಗೆ ರಜ ಹಾಕಿದೆ. ಅಣ್ಣನನ್ನು ನೋಡಿಕೊಳ್ಳಲಿಕ್ಕೆ ಹಾಕಿದ ರಜ ಅಲ್ಲ ಅದು. ಮನೆಯಲ್ಲಿ ಒಬ್ಬನೇ ಇರುವ ಅವಕಾಶ ಜೀವಮಾನದಲ್ಲಿ ಮೊದಲ ಸಲ ಸಿಕ್ಕಿತ್ತು. ಬೆಳಗಿನಿಂದ ಸಂಜೆಯವರೆಗೆ ಕೂರಬೇಕು, ಈ ಸಲ ಮುಟ್ಟಿಯೇ ತೀರಬೇಕು ಎಂದು ಹಟ ಹಿಡಿದೆ.

ಮೊದಲ ದಿನ ಅವ್ವ ಹೇಳಿದಂತೆ ಮಾಡಿದೆ. ಎರಡನೆಯ ದಿನ ಬೆಳಿಗ್ಗೆ ಕೂತಿದ್ದೆ. ಉಸಿರು ಸಣ್ಣಗಾಗಿತ್ತು. ಇನ್ನೇನು ಏನೋ ತೆರೆಯುತ್ತದೆ ಅನ್ನುವಾಗ ಹತ್ತಿರದಲ್ಲೇ ಊಂ. ಕಣ್ಣು ಬಿಟ್ಟೆ. ಅಣ್ಣ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹಗ್ಗವನ್ನು ಹಲ್ಲಿನಿಂದ ಕಡಿದು ಬಂದಿದ್ದ. ತುಟಿಯೆಲ್ಲ ನಾರು ಅಂಟಿತ್ತು. ಕಾಲಿಗೆ ಸುತ್ತಿದ್ದ ಅವ್ವನ ಸೀರೆಯ ಚೂರು ಅಂಗಳದುದ್ದಕ್ಕೂ ಎಳೆದುಕೊಂಡು ಬಂದಿತ್ತು. ನನ್ನನ್ನು ಕಂಡು ಅವನಿಗೆ ಖುಷಿಯಾಗಿತ್ತು. ಕೈ ಚಾಚಿ ನನ್ನ ಮೂಗು ಹಿಡಿದ.

ನಾನು ಅವನನ್ನು ತೋಪಿನವರೆಗೆ ರೆಟ್ಟೆ ಹಿಡಿದು ಎಳೆದುಕೊಂಡು ಹೋದೆ. ಹೋಗುವ ಮುನ್ನ ಸೈಕಲ್ಲಿನ ಕ್ಯಾರಿಯರ್‌ಗೆ ಸುತ್ತಿದ್ದ ನೈಲಾನ್ ಹಗ್ಗ ಬಿಚ್ಚಿಕೊಂಡೆ. ಫ್ಯಾಕ್ಟರಿಗೆ ಬರುವ ಪೆಟ್ಟಿಗೆಗಳಿಗೆ ಕಟ್ಟಿರುತ್ತಿದ್ದ ನೀಲಿ ಹಗ್ಗ, ಎಂಥ ಹಲ್ಲಿಗೂ ಬಗ್ಗದ್ದು. ಎಡಗಾಲಿನ ಹರಡಿಗೆ ಮೂರು ಸುತ್ತು ಸುತ್ತಿ, ಬೆರಳು ತೂರದಷ್ಟು ಬಿಗಿದು, ಗಂಟು ಹಾಕಿದೆ. ಬಿಗಿಯುವಾಗ ಅವನು ಕಾಲು ಹಿಂದಕ್ಕೆಳೆದ. ನಾನು ಮೊಣಕಾಲನ್ನು ಅವನ ತೊಡೆಯ ಮೇಲೆ ಊರಿ ಇನ್ನೊಮ್ಮೆ ಬಿಗಿದೆ. ಆ ಎರಡನೆಯ ಸಲ ಬೇಕಿರಲಿಲ್ಲ. ಅದರಲ್ಲಿ ನನಗೆ ಒಂದು ತೃಪ್ತಿ ಇತ್ತು. ಒಳಗೆ ನೋಡುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವನಿಗೆ ಆ ಕ್ಷಣ ಆ ತೃಪ್ತಿ ಕಾಣಲಿಲ್ಲವೇ ಎಂದರೆ, ಕಂಡಿತು. ಕಂಡರೂ ಸುಮ್ಮನಿದ್ದೆ.

ಮೂರನೆಯ ದಿನದಿಂದ ದಿನಕ್ಕೆ ಒಂದೇ ಸಲ ಹೋದೆ. ತಟ್ಟೆಯನ್ನು ಗುಡಿಸಲಿನ ಬಾಗಿಲಲ್ಲಿಟ್ಟು ಒಳಕ್ಕೆ ತಳ್ಳಿ ಬರುತ್ತಿದ್ದೆ. ಕಣ್ಣಿಗೆ ಏನು ಬಿದ್ದರೂ ಮನಸ್ಸು ಅದರ ಹಿಂದೆ ಓಡುತ್ತದೆ, ನೋಟ ಕೆಳಗೇ ಇರಬೇಕು ಎಂದು ನನಗೆ ನಾನೇ ನೇಮ ಮಾಡಿಕೊಂಡಿದ್ದೆ. ಹಾಗಾಗಿ ತಟ್ಟೆ ಕಾಣುತ್ತಿತ್ತು, ಹೊಸ್ತಿಲ ಮಣ್ಣು ಕಾಣುತ್ತಿತ್ತು, ಅಣ್ಣ ಕಾಣುತ್ತಿರಲಿಲ್ಲ. ನಾಲ್ಕನೆಯ ದಿನ ಹಿಂದಿನ ಮುದ್ದೆ ಅರ್ಧ ಹಾಗೇ ಇತ್ತು. ಹೊಟ್ಟೆ ತುಂಬಿರಬೇಕು ಎಂದುಕೊಂಡೆ. ಒಂದು ವಾಸನೆ ಬರುತ್ತಿತ್ತು. ತೋಪಿನ ತುಂಬ ಬಿದ್ದು ಕೊಳೆಯುತ್ತಿದ್ದ ಹಣ್ಣಿನದು ಎಂದುಕೊಂಡೆ. ಸದ್ದು ನಿಂತಿತ್ತು. ಅವನಿಗೂ ಶಾಂತಿ ಸಿಕ್ಕಿತು ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ, ಈಗ ಕಥೆಗಾಗಿ ಸೇರಿಸುತ್ತಿಲ್ಲ.

ಐದನೆಯ ದಿನ ಬೆಳಿಗ್ಗೆ ಅದು ಬಂತು.

ಹೇಗೆಂದು ಹೇಳುವುದು ಕಷ್ಟ. ಬೆಳಕು ಕಾಣಲಿಲ್ಲ, ಯಾರೂ ಮಾತಾಡಲಿಲ್ಲ. ಕೂತಿದ್ದೆ, ಯೋಚಿಸುವವನು ಯಾರು ಎಂದು ಕೇಳಿಕೊಳ್ಳುತ್ತಿದ್ದೆ. ಕೇಳುತ್ತಿದ್ದದ್ದು ತಾನಾಗಿ ನಿಂತಿತು. ಹೊಟ್ಟೆ ತುಂಬ ಉಂಡವನಿಗೆ ಇನ್ನೊಂದು ತುತ್ತು ಬೇಡವೆನಿಸುವಂತೆ ನನಗೆ ಏನೂ ಬೇಡವಾಗಿತ್ತು. ಹೆದರಿಕೆ ಇರಲಿಲ್ಲ. ನಾನು ಎಂಬುದು ಮೈಯೊಳಗೆ ಮಾತ್ರ ಇದೆ ಎನಿಸಲಿಲ್ಲ. ಗೋಡೆ, ಗೋಡೆಯ ಮೇಲಿನ ಬಿಸಿಲು, ಹೊರಗೆ ಕೆದಕುವ ಕೋಳಿ, ಎಲ್ಲಕ್ಕೂ ಒಂದೇ ಉಸಿರು. ಎಷ್ಟು ಹೊತ್ತು ಇದ್ದೆನೋ. ಕಣ್ಣು ಬಿಟ್ಟಾಗ ಕೆನ್ನೆ ಒದ್ದೆಯಾಗಿತ್ತು, ಬಿಸಿಲು ಅಂಗಳ ದಾಟಿತ್ತು. ಅದು ಸುಳ್ಳಾಗಿರಲಿಲ್ಲ. ಸುಳ್ಳು ಎನ್ನಲು ಮುಂದೆ ನನಗೆ ಬೇಕಾದಷ್ಟು ಕಾರಣಗಳಿದ್ದವು, ಆದರೂ ಹೇಳಲು ಬಾಯಿ ಬರಲಿಲ್ಲ.

ಆ ಸುಖದಲ್ಲೇ ಎದ್ದು ಮುದ್ದೆ ಮಾಡಿ ತೋಪಿಗೆ ಹೋದೆ. ದಾರಿಯಲ್ಲಿ ಕಂಡ ಕರುವಿನ ಕತ್ತು ಸವರಿದೆ. ಬದುವಿನ ಮೇಲೆ ಇರುವೆಗಳ ಸಾಲು ಹೋಗುತ್ತಿತ್ತು. ಒಂದನ್ನೂ ತುಳಿಯಬಾರದೆಂದು ನಿಂತು, ಜಾಗ ನೋಡಿ ಕಾಲಿಟ್ಟೆ. ಗುಡಿಸಲಿನ ಬಾಗಿಲಲ್ಲಿ ತಟ್ಟೆ ಇಟ್ಟು ತಳ್ಳಿದೆ. ಒಳಗಿನಿಂದ ಅದನ್ನು ಯಾರೂ ಎಳೆದುಕೊಳ್ಳಲಿಲ್ಲ. ತಿರುಗಿ ಬಂದೆ.

ಆರು, ಏಳನೆಯ ದಿನ ಕೂಡ ಅದು ಬಂತು. ಎಂಟನೆಯ ದಿನ ಮಧ್ಯಾಹ್ನ ಅವ್ವ ಬಂದಳು. ಅವಳು ಮನೆಗೆ ಬರಲಿಲ್ಲ, ಬಸ್ಸಿಳಿದು ನೇರ ತೋಪಿಗೇ ಹೋಗಿದ್ದಳು. ಅಲ್ಲಿಂದ ಅವಳು ಕೂಗಿದ್ದು ಒಂದು ಮೈಲಿ ಈಚೆಗೆ ನನಗೆ ಕೇಳಲಿಲ್ಲ. ದನ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಿದ.

ಹಗ್ಗ ಕಾಣುತ್ತಿರಲಿಲ್ಲ. ಬಾತ ಮಾಂಸ ಅದನ್ನು ಮುಚ್ಚಿಕೊಂಡಿತ್ತು. ಪಾದ ಕರಿ ನೀಲಿಗೆ ತಿರುಗಿತ್ತು. ಹುಳ ಬಿದ್ದಿತ್ತು. ಅಣ್ಣ ಮಗ್ಗುಲಾಗಿ ಮಲಗಿ ಕಣ್ಣು ತೆರೆದುಕೊಂಡೇ ಇದ್ದ. ನನ್ನ ನಾಲ್ಕು ದಿನದ ಮುದ್ದೆಗಳು ಅವನ ತಲೆಯ ಹತ್ತಿರ ಒಣಗಿ ಕೂತಿದ್ದವು. ಅವ್ವ ಹಗ್ಗ ಕೊಯ್ಯಲು ಕುಡುಗೋಲು ಹಿಡಿದಿದ್ದಳು, ಎಲ್ಲಿ ಕೊಯ್ಯಬೇಕೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಕಂಡು ಕುಡುಗೋಲು ನನ್ನ ಕೈಗೆ ಕೊಟ್ಟಳು.

"ನೀನು ಕಟ್ದೋನು. ನೀನೇ ಬಿಚ್ಚು."

ಬಿಚ್ಚಿದೆ. ಆಗ ಅವನು ಕೂಗಿದ. ಅಷ್ಟು ವರ್ಷದಲ್ಲಿ ಅವನು ಬಾಯಿ ತೆರೆದು ಸದ್ದು ಮಾಡಿದ್ದು ಅದೇ ಮೊದಲು.

ಹೊಸೂರಿನ ಆಸ್ಪತ್ರೆಯವರು ನೋಡಿ, ತಡಮಾಡದೆ ಕೃಷ್ಣಗಿರಿಗೆ ಒಯ್ಯಿರಿ ಎಂದರು. ಟೊಮೆಟೊ ಹೇರಿಕೊಂಡು ಹೊರಟಿದ್ದ ವ್ಯಾನಿನ ಹಿಂದೆ ಬುಟ್ಟಿಗಳ ನಡುವೆ ಅವನನ್ನು ಮಲಗಿಸಿಕೊಂಡು ಹೋದೆವು. ಅಲ್ಲಿನ ವಯಸ್ಸಾದ ಡಾಕ್ಟರ್ ಹರಡಿನ ಸುತ್ತ ಬಿದ್ದ ಮೂರು ಗೆರೆ ನೋಡಿದರು, ಆಮೇಲೆ ನಮ್ಮಿಬ್ಬರನ್ನೂ ನೋಡಿದರು.

"ಯಾರು ಕಟ್ಟಿನದು?" ಯಾರು ಕಟ್ಟಿದ್ದು ಎಂದು ತಮಿಳಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, "ಯಾರುಂ ಇಲ್ಲೆ ಸಾಮಿ. ಮುಳ್ಳುಕಂಬಿ." ಬೇಲಿಯ ತಂತಿಯಲ್ಲಿ ಸಿಕ್ಕಿಹಾಕಿಕೊಂಡ ಎಂದಳು. ಡಾಕ್ಟರ್ ನಂಬಲಿಲ್ಲ. ಅವರು ಒಳಗೆ ಹೋದ ಮೇಲೆ ನಾನು ಅವ್ವನ ಕೈ ಹಿಡಿಯಲು ಹೋದೆ. ಕೈ ಎಳೆದುಕೊಂಡಳು.

"ನಿನ್ ಮ್ಯಾಗಿನ ಆಸೆಗ್ ಸುಳ್ಳೇಳ್ಲಿಲ್ಲ. ನಿನ್ನ ಪೋಲೀಸ್ನೋರು ಎಳ್ಕೊಂಡ್ ಹೋದ್ರೆ ಇವ್ನಿಗ್ ಅನ್ನ ಹಾಕೋರ್ ಯಾರು? ನಿನ್ ಸಂಬ್ಳ ಬೇಕು. ಅಷ್ಟೇಯ."

ಅಂದಿನಿಂದ ಅವ್ವ ಸಾಯುವವರೆಗೆ ನನ್ನ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ. ಜಗಳವಾಡಲಿಲ್ಲ, ಯಾರಿಗೂ ಹೇಳಲಿಲ್ಲ. ನಾನು ತಂದದ್ದನ್ನು ಹೆಂಡತಿ ಬಡಿಸಿದರೆ ಉಣ್ಣುತ್ತಿದ್ದಳು, ನಾನು ಬಡಿಸಲು ಹೋದರೆ ಎದ್ದು ಬಿಡುತ್ತಿದ್ದಳು.

ಕಾಲು ತೆಗೆದ ಮೇಲೆ ಅಣ್ಣ ಬದುಕಿಕೊಂಡ. ತಿಂಗಳ ಮೇಲೆ ಮನೆಗೆ ಕರೆತಂದೆವು. ನೋಡಲು ಬಂದ ಊರವರೊಬ್ಬರು, "ಹೋಗ್ಲಿ ಬುಡವ್ವಾ, ಇನ್ಮೇಲೆ ಓಡಿ ಹೋಗೋ ಚಿಂತೆ ಇಲ್ವಲ್ಲ," ಎಂದು ಸಮಾಧಾನ ಹೇಳಿದರು. ಅವ್ವ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಅಣ್ಣ ಜಗಲಿಯಲ್ಲಿ ಕೂತು ಮತ್ತೆ ತನ್ನ ಸದ್ದು ಶುರುಮಾಡಿದ್ದ. ನನ್ನ ಸೈಕಲ್ಲು ಅಂಗಳಕ್ಕೆ ಬಂದರೆ ಅದು ನಿಲ್ಲುತ್ತಿತ್ತು. ಉಳಿದ ಕಾಲನ್ನು ಪಂಚೆಯೊಳಗೆ ಎಳೆದುಕೊಂಡು, ನಾನು ಒಳಗೆ ಹೋಗುವವರೆಗೂ ಗೋಡೆಗೆ ಒತ್ತಿಕೊಂಡಿರುತ್ತಿದ್ದ. ಅವನಿಗೆ ಬುದ್ಧಿಯಿಲ್ಲ, ಏನೂ ನೆನಪಿರಲ್ಲ ಎಂದು ಅವನ ಬಗ್ಗೆ ಊರಿಗೆ ಊರೇ ಹೇಳುತ್ತಿತ್ತು. ನಾನೂ ಹೇಳಿದವನೇ.

ಹೆಂಡತಿ ಮೂರು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ತವರಿನಿಂದ ಬಂದಳು. ಜಗಲಿಯಲ್ಲಿ ಕೂತವನನ್ನು ನೋಡಿದಳು. ಏನಾಯಿತೆಂದು ನನ್ನನ್ನು ಕೇಳಲಿಲ್ಲ, ಅವ್ವನನ್ನು ಕೇಳಿಕೊಂಡಳು. ಕೆಲವು ದಿನದ ಮೇಲೆ ನಾನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಶಿಫ್ಟಿನ ದಣಿವಿಗೆ ರೆಪ್ಪೆ ಮುಚ್ಚಿಕೊಂಡಿತ್ತು. ಅವಳು ಒಳಗಿನಿಂದ ಓಡಿ ಬಂದು ಮಗುವನ್ನು ಕಿತ್ತುಕೊಂಡಳು.

"ಯಾಕೆ?" ಎಂದೆ.

"ನೀವು ಕಣ್ ಮುಚ್ಚುದ್ರೆ ನಂಗೆ ಭಯ ಆಯ್ತದೆ."

ಸ್ಟೋರ್ಸ್ ಸಾರ್ ಅವರ ರೂಮಿಗೆ ಮತ್ತೆ ಹೋದದ್ದು ಬಹಳ ದಿನದ ಮೇಲೆ. ಎಲ್ಲಾ ಹೇಳಿದೆ. ಹಗ್ಗ, ಗಂಟು, ಎರಡನೆಯ ಸಲ ಬಿಗಿದದ್ದು, ಹುಳ. ಐದನೆಯ ದಿನದ ಬೆಳಿಗ್ಗೆ ಬಂದದ್ದನ್ನೂ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು. ಐದನೆಯ ದಿನದ ಬಗ್ಗೆ ಮಾತ್ರ ಪ್ರಶ್ನೆ ಕೇಳಿದರು. ಹೆದರಿಕೆ ಇತ್ತಾ? ಹೊತ್ತು ಹೋದದ್ದು ಗೊತ್ತಾಯಿತಾ? ಎದ್ದ ಮೇಲೂ ಉಳಿದಿತ್ತಾ? ನಾನು ಹೇಳಿದೆ. ಅವರ ಕಣ್ಣಲ್ಲಿ ನೀರು ತುಂಬಿತು.

"ಅದೇ, ತಂಬಿ. ಅದೇ. ನನಗೆ ಇಪ್ಪತ್ತು ವರ್ಷದಲ್ಲಿ ಎರಡೇ ಸಲ ಬಂದಿದೆ."

"ಹಾಗಾದ್ರೆ ನನ್ನ ಅಣ್ಣ?" ಎಂದೆ.

"ಅದು ವೇರೆ, ಇದು ವೇರೆ," ಎಂದರು. ಅದು ಬೇರೆ, ಇದು ಬೇರೆ. ಎರಡನ್ನೂ ಕಲೆಸಬೇಡ ಎಂದು ಬೆನ್ನು ಸವರಿದರು.

ಅವರ ಮುಖ ಎಂದಿನಂತೆ ಶಾಂತವಾಗಿತ್ತು. ಅವರ ಹೆಂಡತಿ ಮಕ್ಕಳು ಊರಲ್ಲಿ ಹೇಗಿದ್ದಾರೆ ಎಂದು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಬೇಕೆನಿಸಿತು, ಕೇಳದೆ ಎದ್ದು ಬಂದೆ. ಮತ್ತೆ ಆ ರೂಮಿಗೆ ಹೋಗಲಿಲ್ಲ.

ಬೇರೆ ಎಂದು ಒಪ್ಪಿಕೊಂಡುಬಿಟ್ಟರೆ ಸುಲಭವಿತ್ತು. ನಾನು ಎಷ್ಟೋ ದಿನ ಆ ಮಾತನ್ನು ಜಗಿದೆ. ನನಗೆ ಬಂದದ್ದು ದೇವರಲ್ಲ, ಬರೀ ಭ್ರಮೆ ಎಂದಾದರೂ ಇನ್ನೂ ಸುಲಭ. ಮೋಸಹೋದೆ ಎಂದು ಅತ್ತುಬಿಡಬಹುದಿತ್ತು. ಆದರೆ ನಾನು ಕಂಡದ್ದು ನಿಜ. ಒಳಗೆ ಹೋದರೆ ಏನೋ ಇದೆ, ಅದು ದೊಡ್ಡದು, ಅದರಲ್ಲಿ ಎಲ್ಲವೂ ಸರಿಯಾಗಿರುತ್ತದೆ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ, ಎಲ್ಲವೂ ಸರಿಯಾಗಿತ್ತು. ಮೂರು ಬೆಳಿಗ್ಗೆ ಅದರ ಮುಂದೆ ಕೂತಿದ್ದೆ. ಒಂದು ಮೈಲಿ ಆಚೆ ಹುಳ ಬೀಳುತ್ತಿತ್ತು. ಎದ್ದು ಹೋಗಿ ಹಗ್ಗ ಸಡಿಲಿಸು ಎಂದು ಅದು ನನಗೆ ಒಂದು ಸಲವೂ ಹೇಳಲಿಲ್ಲ. ಕರುವಿನ ಕತ್ತು ಸವರಿಸಿತು, ಇರುವೆಯನ್ನು ಉಳಿಸಿತು.

ಅವ್ವನನ್ನು ಒಂದು ದಿನ ಕೇಳಿಬಿಟ್ಟೆ. ಅವಳು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. "ಅವ್ವಾ, ನಿಂಗೆ ಯಾವತ್ತಾದ್ರೂ ದೇವ್ರು ಕಂಡವ್ನಾ?"

ಮೊರ ನಿಲ್ಲಿಸಲಿಲ್ಲ. "ನಂಗೆಲ್ಲಿ ಪುರುಸೊತ್ತಿತ್ತು?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, "ನಿಂಗೇನ್ ಪುರುಸೊತ್ತಾಗಿ ಸಿಕ್ದಾ?" ಎಂದು ಕೇಳಿದಳು.

"ಸಿಕ್ದ," ಎಂದೆ. ಅವಳಿಗೆ ನಿಜ ಹೇಳಬೇಕೆನಿಸಿತ್ತು.

ಆಗ ಮೊರ ನಿಂತಿತು. ಅವ್ವ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಹೇಸಿಗೆ ಇತ್ತು. ಕೋಳಿಮರಿ ಹಿಸುಕಿದ ಅಣ್ಣನ ಮುಷ್ಟಿಯನ್ನು ಬಿಡಿಸುವಾಗ ಕೂಡ ಅವಳ ಮುಖದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

"ಅಂಗಾದ್ರೆ ಆ ದೇವ್ರೂ ನಿನ್ನಂತೋನೇಯಾ," ಎಂದಳು.

ಇದಾಗಿ ನಾಲ್ಕು ವರ್ಷ ಅಣ್ಣ ಬದುಕಿದ್ದ. ಎಂಬತ್ತರ ದಶಕದ ನಡುವೆ, ಒಂದು ಚಳಿಗಾಲದಲ್ಲಿ, ಎದೆ ಕಟ್ಟಿ ಜ್ವರ ಬಂದು ಮೂರು ದಿನಕ್ಕೆ ಹೋಗಿಬಿಟ್ಟ. ಬೆಳಗಿನ ಹೊತ್ತು. ಅಂಗಳದಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಒಡಹುಟ್ಟಿದವನು ನಾನೊಬ್ಬನೇ, ಮುಂದೆ ನಿಂತು ಮಾಡಬೇಕಾದವನು ನಾನು. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಅವನ ತಲೆಯ ಬಳಿ ಬಗ್ಗಿದೆ. ಅವ್ವ ಅಡ್ಡ ಕೈ ಇಟ್ಟಳು.

"ನೀನು ಮುಟ್ಬ್ಯಾಡ."

ಚಿಕ್ಕಪ್ಪ ಏನೋ ಹೇಳಲು ಬಂದರು. ಅವ್ವ ಅವರ ಮಗನನ್ನು ಕರೆದು, ನೀನು ಮಾಡಪ್ಪ ಎಂದಳು. ಊರೆಲ್ಲ ಸೇರಿದ ಅಂಗಳದಲ್ಲಿ, ದನಿ ಎತ್ತರಿಸದೆ, ನನಗೆ ಹೇಳಿದಳು:

"ಒಳಿಕ್ ಹೋಗಿ ಕೂತ್ಕೋ. ಅದು ನಿಂಗ್ ಚೆನ್ನಾಗ್ ಬತ್ತದೆ."

ನನ್ನ ಹೆಂಡತಿ ಮಗುವಿನ ಕೈ ಹಿಡಿದುಕೊಂಡು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಒಳಗೆ ಹೋದೆ. ಒದ್ದೆ ಪಂಚೆಯಲ್ಲೇ ನಡುಮನೆಯ ಮೂಲೆಯಲ್ಲಿ ಕೂತೆ. ನಾಲ್ಕು ವರ್ಷದಿಂದ ಅಲ್ಲಿ ಕೂತಿರಲಿಲ್ಲ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಬೆನ್ನು ಅಭ್ಯಾಸದಿಂದ ನೆಟ್ಟಗಾಯಿತು, ಕಣ್ಣು ಮುಚ್ಚಿತು. ಬೇಡ ಎಂದು ಒಂದು ಸಲ ಅಂದುಕೊಂಡೆ.

ಬಂತು. ಎಲ್ಲವೂ ಸರಿಯಾಗಿತ್ತು.

ಹೆಂಡತಿ ಬಂದು ತೋಳು ಹಿಡಿದು ಅಲುಗಿಸಿದಾಗ ಕಣ್ಣು ಬಿಟ್ಟೆ. ನೀರು ಕಾದಿದೆ, ಎಲ್ಲರೂ ಸ್ನಾನ ಮಾಡಿಯಾಯಿತು, ಏಳಿ ಎಂದಳು. ಎದ್ದು ಹೊರಗೆ ಬಂದೆ. ಬಿಸಿಲು ನೆತ್ತಿಗೇರಿತ್ತು, ಚಾಪೆ ತೆಗೆದು ಅಂಗಳ ಸಾರಿಸಿಯಾಗಿತ್ತು. ಅವನನ್ನು ಯಾವಾಗ ಎತ್ತಿದರೋ, ಹೆಂಗಸರು ಎಷ್ಟು ಕೂಗಿದರೋ, ನನಗೆ ಏನೂ ಕೇಳಿಸಿರಲಿಲ್ಲ.